ಉಪ್ಪು ಬಿಡಿಸಿದ ಪುಸ್ತಕ

೯ ಜೂನ್ ೨೦೨೫, ಸೋಮವಾರ. ಸಂಜೆ ೭

ಮತ್ತೆ ಸಪ್ಪೆ ಬೇಳೆ. ಅವ್ವ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಎದುರು ಕೂತು ನಾನು ಉಪ್ಪು ಹಾಕಿದ್ದನ್ನು ತಿಂದೆ. ಬೆಳಗ್ಗೆ ಏಳಕ್ಕೆ ಉಗಾರದಿಂದ ಹೊರಟವನಿಗೆ ಹಸಿವು ಕೇಳಬೇಕಲ್ಲ.

ಹಾರೂಗೇರಿವರೆಗೆ ಬಸ್ಸಿನಲ್ಲಿ ನಿಂತೇ ಹೋದೆ. ಕಾಲೇಜಿನಲ್ಲಿ ಅಡ್ಮಿಶನ್ ಡ್ಯೂಟಿ. ಪಾಠ ಒಂದೇ ಪೀರಿಯಡ್, ತಿದ್ದಿದ ಫಾರ್ಮ್ ಅರವತ್ತು. ಇಪ್ಪತ್ತೆರಡು ವರ್ಷ ಫಿಜಿಕ್ಸ್ ಕಲಿಸಿದ ಮೇಲೆ ನನಗೆ ಚೆನ್ನಾಗಿ ಬರುವ ವಿದ್ಯೆ ಎಂದರೆ ಜಾತಿ ಸರ್ಟಿಫಿಕೇಟಿನ ನಂಬರ್ ಓದುವುದು.

ಅವ್ವನದು ಎರಡು ವರ್ಷದ ನೇಮ. ಚಾತುರ್ಮಾಸಕ್ಕೆ ಬಂದಿದ್ದ ಮುನಿ ಮಹಾರಾಜರ ಮುಂದೆ ಕೈಮುಗಿದು ತೆಗೆದುಕೊಂಡದ್ದು — ಮಗನ ಪುಸ್ತಕ ಅಚ್ಚಾಗಿ ಬರುವವರೆಗೆ ಉಪ್ಪು ಬಿಟ್ಟೆ ಅಂತ. ನಮ್ಮ ಜೈನರ ಮನೆಗಳಲ್ಲಿ ಹೆಂಗಸರು ಹೀಗೆ ಏನಾದರೊಂದು ಬಿಡುವುದು ಹೊಸದಲ್ಲ. ಒಬ್ಬರು ತುಪ್ಪ, ಒಬ್ಬರು ಮೊಸರು. ಇವಳು ಸೀದಾ ಉಪ್ಪಿಗೇ ಕೈಹಾಕಿದಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಆಧುನಿಕ ಭೌತಶಾಸ್ತ್ರದ ತಳಹದಿಯ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆಯುವವನನ್ನು ನಂಬಿ ಮೆಣಸಿನಕಾಯಿಯನ್ನೂ ಬಿಡಬೇಡ.

ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ. ಧಾರವಾಡದ ಪ್ರಕಾಶಕರು ಬೇಡ ಎಂದರು, ಬೆಂಗಳೂರಿನವರು ಉತ್ತರವನ್ನೇ ಕೊಡಲಿಲ್ಲ. ಸಾಕಾಗಿದೆ.

೧೨ ಜೂನ್, ಗುರುವಾರ

ಅವ್ವನಿಗೆ ಕಣ್ಣು ಹೋಗಿ ಐದು ವರ್ಷ. ಸಕ್ಕರೆ ಕಾಯಿಲೆ. ದಿನಾ ಹೊತ್ತು ಮುಳುಗುವ ಮುಂಚೆ ಊಟ, ಊಟಕ್ಕೆ ಮುಂಚೆ ಅರ್ಧ ಗಂಟೆ ಶಾಸ್ತ್ರ ಓದಿಸಿಕೊಳ್ಳುವುದು. ಓದುವವನು ನಾನು. ಒಂದು ದಿನ ಶಾಸ್ತ್ರದ ಪುಸ್ತಕ ಬಸದಿಯಲ್ಲೇ ಉಳಿದಿತ್ತು, ಸುಸ್ತಾಗಿತ್ತು, ಹೋಗಿ ತರಲಾರದೆ ನನ್ನ ಹಸ್ತಪ್ರತಿಯನ್ನೇ ಓದಿದೆ. ಅಂದಿನಿಂದ ಅದೇ ಅಭ್ಯಾಸ. ನಾಲ್ಕನೇ ಇಯತ್ತೆವರೆಗೆ ಮರಾಠಿ ಶಾಲೆ ಕಲಿತ ನನ್ನವ್ವ ಸುಂದರಾಬಾಯಿಯೇ ನನ್ನ ಸಂಪಾದಕಿ. ಅವಳಿಗೆ ತಿಳಿಯದ ಪುಟವನ್ನು ಹರಿದು ಮತ್ತೆ ಬರೆಯುವುದು.

ಇವತ್ತು ಹನ್ನೊಂದನೇ ಅಧ್ಯಾಯದ ಕೊನೆ. ಎಲೆಕ್ಟ್ರಾನ್ ಎಲ್ಲಿದೆ ಎಂದು ಅಳೆದಾಗ ಒಂದು ಕಡೆ ಸಿಗುತ್ತದೆ. ಅಳೆಯುವ ಮುಂಚೆ ಎಲ್ಲಿತ್ತು? ಅದನ್ನು ಕೇಳಲೇಬಾರದು ಎನ್ನುವವರಿದ್ದಾರೆ, ಎಲ್ಲ ಕಡೆಗೂ ಇತ್ತು ಎನ್ನುವವರಿದ್ದಾರೆ, ಒಂದೇ ಕಡೆ ಇತ್ತು, ನಮಗೆ ಕಾಣಲಿಲ್ಲ ಅಷ್ಟೇ ಎನ್ನುವವರೂ ಇದ್ದಾರೆ. ನೂರು ವರ್ಷದ ಜಗಳ.

"ಅಂದ್ರ ಅದಕ್ಕ ಮನಿ ಇಲ್ಲ, ಮಠ ಇಲ್ಲ," ಎಂದಳು ಅವ್ವ. "ಯಾರದು ಖರೇ?"

"ಇನ್ನೂ ಗೊತ್ತಾಗಿಲ್ಲವ್ವಾ."

"ಹಂಗಾರ ಗೊತ್ತಿಲ್ಲಂತ ಬರಿ. ಅದಕ್ಯಾಕ ಅಂಜತಿ?"

ನಾಲ್ಕು ಪುಟ ಗೋಳಾಡಿದ್ದೆ. ಹೊಡೆದು ಹಾಕಿ ಒಂದೇ ಸಾಲು ಬರೆದೆ. ಪುಸ್ತಕ ಮುಗಿಯಿತು. ಸಂತೋಷ ಆಗಬೇಕಿತ್ತು, ನಿದ್ದೆ ಬಂತು.

೩೦ ಜೂನ್, ಸೋಮವಾರ

ಅಣ್ಣಾಸಾಬ ಮಾಮಾ ಬಂದಿದ್ದರು. ಅವ್ವನ ಚಿಕ್ಕಪ್ಪನ ಮಗ, ಬಸದಿ ಕಮಿಟಿ ಅಧ್ಯಕ್ಷರು. ದೀಪಾವಳಿಯೊಳಗೆ ಐನೂರು ಪ್ರತಿ ಅಚ್ಚು ಹಾಕಿಸಿ ಅವ್ವನ ಹೆಸರಲ್ಲಿ ಶಾಸ್ತ್ರದಾನ ಮಾಡುತ್ತಾರಂತೆ. ಬಸದಿಗೆ ಬಂದವರಿಗೆಲ್ಲ ಪುಕ್ಕಟೆ. ಒಳಗೆ ಅವ್ವ ಕೇಳಿಸಿಕೊಂಡು ಕೈಮುಗಿದದ್ದು ಕಂಡಿತು.

ಆಮೇಲೆ ಮಾಮಾ ಕುರ್ಚಿ ಹತ್ತಿರ ಎಳೆದುಕೊಂಡರು.

"ಪೂರಾ ಓದೇನಿ ನೋಡ ಸನ್ಮತಿ. ಅರ್ಧ ತಿಳೀತು. ಆದ್ರ ಸ್ಯಾದ್ವಾದದ ಹೆಸರ ಎಲ್ಲೂ ಬರಲಿಲ್ಲಲ್ಲೋ?"

"ಅದು ಬ್ಯಾರೆ ವಿಷಯ ಮಾಮಾ."

"ಹೆಂಗ ಬ್ಯಾರೆ? ಒಂದ ವಸ್ತು ಹಿಂಗೂ ಐತಿ, ಹಂಗೂ ಐತಿ ಅಂತ ನಮ್ಮ ಆಚಾರ್ಯರು ಎಂದೋ ಹೇಳ್ಯಾರ. ಈಗ ಸೈನ್ಸದವರು ಅದನ್ನ ಸಾಬೀತ ಮಾಡ್ಯಾರ. ಕಡೀಕ ಒಂದ ಅಧ್ಯಾಯ ಹಾಕು. ಕಮಿಟಿಯವರು ಅದನ್ನ ಕೇಳತಾರ. ಇಲ್ಲಂದ್ರ ಬಸ್ತಿ ರೊಕ್ಕದಾಗ ಇದನ್ನ ಯಾಕ ಹಾಕೂದಂತ ನನಗ ಜೋರ ಮಾಡತಾರ."

ಕೆಟ್ಟ ಮನುಷ್ಯರಲ್ಲ. ನನ್ನ ಪುಸ್ತಕವನ್ನು ಈ ಊರಲ್ಲಿ ಕೇಳಿಸಿಕೊಂಡ ಅವ್ವನನ್ನು ಬಿಟ್ಟರೆ ಪೂರ್ತಿ ಓದಿದವರು ಅವರೊಬ್ಬರೇ. ನೋಡುತ್ತೇನೆ ಎಂದೆ. ಇಲ್ಲ ಎನ್ನಲು ನನಗೆ ಬರುವುದಿಲ್ಲ, ಅದು ಹುಟ್ಟುಗುಣ.

೬ ಜುಲೈ, ಭಾನುವಾರ

ಇಡೀ ದಿನ ಕೂತೆ. ಒಂದು ಪ್ಯಾರಾ ಇಲ್ಲ.

ಸ್ಯಾದ್ವಾದದ ಮೇಲೆ ನನಗೆ ಗೌರವ ಇಲ್ಲವೆಂದಲ್ಲ. ಯಾವ ಮಾತನ್ನೂ ‘ಒಂದು ದೃಷ್ಟಿಯಿಂದ’ ಎಂದು ಸೇರಿಸಿಯೇ ಹೇಳು ಎನ್ನುವ ತರ್ಕ ಅದು. ಹಮ್ಮು ಇಳಿಸುವ ತರ್ಕ. ಕ್ವಾಂಟಮ್ ಸಿದ್ಧಾಂತ ಮಾಡುವ ಕೆಲಸ ಬೇರೆ. ಎಲೆಕ್ಟ್ರಾನ್ ಇಲ್ಲಿ ಸಿಗುವ ಸಂಭವ ಇಷ್ಟು ಎಂದು ಲೆಕ್ಕ ಕೊಡುತ್ತದೆ, ಲೆಕ್ಕ ತಪ್ಪಿದರೆ ಸಿದ್ಧಾಂತ ಬಿದ್ದುಹೋಗುತ್ತದೆ. ಎರಡೂ ನೋಡಲು ಹೋಲುತ್ತವೆ, ಸರಿ. ಮಾಮಾಗೆ ಹೋಲಿಕೆ ಸಾಲದು, ಸಾಬೀತು ಬೇಕು.

ಹೆಂಡತಿ ದೀಪಾಲಿ ಚಹಾ ತಂದಿಟ್ಟು ನಿಂತಳು.

"ಹತ್ತ ಹಾಳಿ ಬರದ್ರ ನಿಮ್ಮ ಗಂಟೇನ ಹೋಗತೈತ್ರಿ? ಅತ್ತಿ ಕೈ ನೋಡೀರೇನು? ಲೋಟ ಹಿಡಿಯಾಕ ಬರವಲ್ದು."

"ಖರೇ ಅಲ್ಲದ್ದನ್ನ ಹೆಂಗ ಬರೀಲಿ?"

"ಐನೂರ ಮಂದ್ಯಾಗ ಅದನ್ನ ತಿಳಕೊಳ್ಳಾವ್ರು ಎಷ್ಟ ಮಂದಿ ಅದಾರ?"

ಅವಳ ಮೇಲೆ ರೇಗಿದೆ. ಅವಳು ಹೇಳಿದ್ದರಲ್ಲಿ ತಪ್ಪು ಸಿಗಲಿಲ್ಲ, ಅದಕ್ಕೇ ರೇಗಿದ್ದು.

೨೭ ಜುಲೈ, ಭಾನುವಾರ. ಮೀರಜ, ಆಸ್ಪತ್ರೆ

ಅವ್ವ ಮೊನ್ನೆ ಬೆಳಗ್ಗೆ ಬಚ್ಚಲ ಬಾಗಿಲಲ್ಲಿ ಬಿದ್ದಳು. ಮಾತು ತೊದಲು. ನನ್ನನ್ನು ಅಪ್ಪನ ಹೆಸರಿಂದ ಕರೆದಳು. ಅಪ್ಪ ಹೋಗಿ ಹದಿನೆಂಟು ವರ್ಷ. ಜೀಪಿನಲ್ಲಿ ಇಲ್ಲಿಗೆ ತಂದೆವು.

ಬಿದ್ದ ಪೆಟ್ಟಿನಿಂದಲ್ಲ. ರಕ್ತದಲ್ಲಿ ಸೋಡಿಯಮ್ ನೂರಾ ಹದಿನಾಲ್ಕು, ಇರಬೇಕಾದ್ದು ನೂರಾ ಮೂವತ್ತೈದರ ಮೇಲೆ. ಡಾಕ್ಟರು ಕೇಳಿದರು, ಊಟದಲ್ಲಿ ಉಪ್ಪು ಹೇಗೆ? ಎರಡು ವರ್ಷದಿಂದ ಇಲ್ಲ ಎಂದೆ. ಮೇಲೆ ಬಿಪಿ ಗುಳಿಗೆ ಬೇರೆ, ಅದೂ ಮೈಯೊಳಗಿನ ಉಪ್ಪನ್ನು ಹೊರಹಾಕುತ್ತದಂತೆ. ನನ್ನ ಮುಖವನ್ನೇ ನೋಡುತ್ತ ನಿಂತರು. ಫಿಜಿಕ್ಸ್ ಲೆಕ್ಚರರ್ ಎಂದು ಹೇಳಿದ್ದೆ, ಹೇಳಬಾರದಿತ್ತು.

ಉಪ್ಪಿನ ಸಲೈನ್ ಹಚ್ಚಬೇಕು ಎಂದರು. ಅವ್ವನಿಗೆ ಎಚ್ಚರವಿಲ್ಲ. ಸಹಿ ಹಾಕಿದೆ. ತೊಟ್ಟು ತೊಟ್ಟಾಗಿ ಇಳಿಯುವುದನ್ನು ಬೆಂಚಿನ ಮೇಲೆ ಕೂತು ನೋಡಿದೆ.

೨೯ ಜುಲೈ, ಮಂಗಳವಾರ

ಅವ್ವ ನನ್ನ ಹೆಸರು ಹಿಡಿದು ಕರೆದಳು. ಜೀವ ಬಂತು. ಆದರೆ ಕೇಳಿದ ಮೊದಲ ಮಾತು —

"ಬಾಟ್ಲ್ಯಾಗ ಏನ ಕೊಟ್ರೋ? ನನ್ನ ನೇಮ ಮುರೀಲಿಲ್ಲಲ್ಲ?"

ದೀಪಾಲಿ ನನ್ನ ತೋಳು ಹಿಡಿದಳು. ಹೊರಗೆ ಮೊದಲೇ ಹೇಳಿದ್ದಳು, ಅತ್ತಿಗೆ ಗೊತ್ತಾದ್ರ ಎದಿ ಒಡಕೋತಾರ್ರಿ ಅಂತ.

"ಬರೇ ಗ್ಲುಕೋಸ್ ಅವ್ವಾ," ಎಂದೆ.

ಸಮಾಧಾನದಿಂದ ಕಣ್ಣು ಮುಚ್ಚಿದಳು. ಅವಳಿಗೆ ನಾನು ಹೇಳಿದ ಮೊದಲ ದೊಡ್ಡ ಸುಳ್ಳು ಇದಿರಬೇಕು. ಐವತ್ತು ವರ್ಷಕ್ಕೆ ಒಂದು. ಪರವಾಗಿಲ್ಲ ಎಂದುಕೊಂಡೆ. ಪರವಾಗಿಲ್ಲ ಎಂದು ಅನಿಸಲಿಲ್ಲ.

ಉಪ್ಪು ಶುರುಮಾಡದಿದ್ದರೆ ಮತ್ತೆ ಇಲ್ಲಿಗೇ ಬರುತ್ತೀರಿ ಎಂದಿದ್ದಾರೆ ಡಾಕ್ಟರು. ಅವ್ವ ಕೇಳಲಿಲ್ಲ. ಪುಸ್ತಕ ಬರಲಿ ಎನ್ನುತ್ತಾಳೆ.

೩ ಆಗಸ್ಟ್, ಭಾನುವಾರ

ಹನ್ನೆರಡನೇ ಅಧ್ಯಾಯ ಬರೆದೆ. ಒಂದೇ ಮಧ್ಯಾಹ್ನ. ಹನ್ನೊಂದು ಪುಟ.

ಹೇಗೆ ಸರಾಗವಾಗಿ ಬಂತು! ಒಂದು ಸಾಲಿಗೆ ವಾರಗಟ್ಟಲೆ ತಿಣುಕುವವನು ನಾನು. ‘ಆಧುನಿಕ ಭೌತಶಾಸ್ತ್ರವು ಇಂದು ಇದನ್ನೇ ಸಂದೇಹಕ್ಕೆಡೆಯಿಲ್ಲದಂತೆ ಸಾಬೀತುಪಡಿಸಿದೆ.’ ಇಂಥ ವಾಕ್ಯ ವಿದ್ಯಾರ್ಥಿ ಬರೆದಿದ್ದರೆ ಕೆಂಪು ಪೆನ್ನಿನಲ್ಲಿ ಗೀಟು ಎಳೆಯುತ್ತಿದ್ದೆ.

ಮಾಮಾಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್. ಆ ಸಾಲನ್ನೇ ನನಗೆ ಎರಡು ಸಲ ಓದಿ ಹೇಳಿದರು. ನಾಚಿಕೆಯಾಯಿತು.

ಅವ್ವನಿಗೆ ಓದಲಿಲ್ಲ.

೨೦ ಆಗಸ್ಟ್, ಬುಧವಾರ

ಕೃಷ್ಣೆ ಏರಿದೆ. ಕುಡಚಿ ಸೇತುವೆ ಮೇಲೆ ನೀರು. ರೈಲಿನಲ್ಲಿ ಕುಡಚಿ, ಅಲ್ಲಿಂದ ಹಾರೂಗೇರಿಗೆ ಬಸ್ಸು. ರೈಲಿನಲ್ಲಿ ಪ್ರೂಫ್ ನೋಡಿದೆ. ಹನ್ನೊಂದು ಅಧ್ಯಾಯ ತಿದ್ದಿದೆ. ಹನ್ನೆರಡನೆಯದನ್ನು ನೋಡದೆಯೇ ಮಡಿಚಿಟ್ಟೆ.

ಅವ್ವ ಮತ್ತೆ ತೂಗಾಡುತ್ತ ನಡೆಯುತ್ತಿದ್ದಾಳೆ. ದೀಪಾಲಿ ಬೆನ್ನ ಹಿಂದೆಯೇ ಇರುತ್ತಾಳೆ.

೫ ಅಕ್ಟೋಬರ್, ಭಾನುವಾರ

ಪುಸ್ತಕ ಬಂತು. ಮಾಮಾ ತಾವೇ ಒಂದು ಪ್ರತಿ ತಂದು ಅವ್ವನ ಮಡಿಲಲ್ಲಿಟ್ಟರು. ಬರುವ ಭಾನುವಾರ ಬಸದಿಯಲ್ಲಿ ಕಾರ್ಯಕ್ರಮ, ಅಲ್ಲಿಯೇ ಹಂಚುವುದು. ಅವ್ವ ಮೂಸಿ ನೋಡಿದಳು, ಹಾಳೆ ಎಣಿಸುವಂತೆ ಬೆರಳಾಡಿಸಿದಳು. ಅತ್ತಳು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಹನ್ನೊಂದು ವರ್ಷ.

"ಇನ್ನರ ಉಪ್ಪ ತಿನ್ರಿ ಅತ್ತಿ," ಎಂದಳು ದೀಪಾಲಿ.

"ಕಡೀತನಕ ಕೇಳಿ ತಿಂತೀನಿ. ನಾಳೆ."

೬ ಅಕ್ಟೋಬರ್, ಸೋಮವಾರ. ಸಂಜೆ ೭

ಆದ ಹಾಗೆಯೇ ಬರೆದಿಡುತ್ತೇನೆ.

ಐದಕ್ಕೆ ಮನೆಗೆ ಬಂದೆ. ಅವ್ವ ಗೋಡೆಗೆ ಒರಗಿ ಕಾಯುತ್ತಿದ್ದಳು. ಬಸ್ಸಿನಲ್ಲೇ ಯೋಚನೆ ಮಾಡಿಕೊಂಡು ಬಂದಿದ್ದೆ: ಹನ್ನೊಂದನೆಯದರ ಕೊನೆ ಓದುವುದು, ಮುಗಿಯಿತು ಎನ್ನುವುದು. ಅವಳಿಗೆ ಹೇಗೆ ಗೊತ್ತಾಗಬೇಕು. ಹಾಗೇ ಓದಿದೆ. ಮುಗಿಯಿತವ್ವಾ ಎಂದೆ.

ಕೈಚಾಚಿ ಪುಸ್ತಕ ಮುಟ್ಟಿದಳು. ನನ್ನ ಬೆರಳಿಂದಾಚೆ ಉಳಿದ ಹಾಳೆಗಳನ್ನು ಚಿವುಟಿ ನೋಡಿದಳು.

"ಇನ್ನೂ ಇಷ್ಟ ಉಳದೈತಲ್ಲೋ?"

ಓದಿದೆ. ಹನ್ನೊಂದು ಪುಟವನ್ನೂ. ಆಚಾರ್ಯರ ಹೆಸರು ಬಂದಾಗ ಕೈಮುಗಿದಳು. ಆಮೇಲೆ ಕೈ ಹಾಗೇ ಮಡಿಲಿಗೆ ಇಳಿಯಿತು.

"ಯಾವಾಗ ಸಾಬೀತ ಆತು ಇದು?"

ಪುಸ್ತಕ ಮುಚ್ಚಿದೆ.

"ಗೊತ್ತಿಲ್ಲಂತ ಬರದಿದ್ದಿ. ಈಗ ಗೊತ್ತಾತೇನು?"

"ಇಲ್ಲವ್ವಾ."

"ಮತ್ಯಾಕ ಬರದಿ?"

"ಅವರು ಅಚ್ಚ ಹಾಕಬೇಕಾಗಿತ್ತು. ನೀ ಉಪ್ಪ ತಿನ್ನಬೇಕಾಗಿತ್ತು."

ಒಂದನ್ನು ಬಾಯಿಬಿಟ್ಟ ಮೇಲೆ ಇನ್ನೊಂದನ್ನು ನುಂಗಲಾಗಲಿಲ್ಲ. ಮೀರಜದ ಬಾಟಲಿಯಲ್ಲಿ ಇದ್ದದ್ದು ಉಪ್ಪು ಎಂದೂ ಹೇಳಿಬಿಟ್ಟೆ. ಅಡುಗೆಮನೆಯಲ್ಲಿ ದೀಪಾಲಿಯ ಕೈಯಿಂದ ಸೌಟು ಬಿತ್ತು.

ಅವ್ವ ಕೈಚಾಚಿ ಪುಸ್ತಕವನ್ನು ಪಕ್ಕಕ್ಕೆ ಸರಿಸಿದಳು. ಬೈಯಲಿ ಎಂದು ಕಾದೆ. ಮಹಾರಾಜರ ಹತ್ತಿರ ಹೋಗಿ ಪ್ರಾಯಶ್ಚಿತ್ತ ತಗೋತೀನಿ, ಮತ್ತೆ ಮೊದಲಿಂದ ನೇಮ ಹಿಡೀತೀನಿ ಅನ್ನುತ್ತಾಳೆ ಎಂದುಕೊಂಡೆ. ಅದಕ್ಕೇ ಹೆದರಿದ್ದೆ.

"ಬಾಟ್ಲಿದು ಬಿಡು. ನನಗ ಸುದ್ದಿ ಇರಲಿಲ್ಲ, ಅದು ನನ್ನ ಲೆಕ್ಕಕ್ಕ ಬರೂದಿಲ್ಲ," ಎಂದಳು. "ಇದು ಬರತೈತಿ. ನಾ ನೇಮ ಹಿಡದೆ, ನೀ ಸುಳ್ಳ ಬರದಿ. ಒಂದ ಇರವಿ ಸಾಯಬಾರದಂತ ನೆಲಾ ನೋಡಿ ನಡದಾಕಿ ನಾ. ಮನ್ಯಾಗಿನ ಮಗನ ಕುತ್ತಿಗಿ ಹಿಡದೆ."

"ಹಂಗಲ್ಲವ್ವಾ —"

"ಹಂಗ ಐತಿ. ದೀಪಾಲಿ! ಹೊತ್ತ ಮುಳಗೇತೇನ?"

"ಇಲ್ಲ್ರಿ ಅತ್ತಿ. ಇನ್ನ ಅರ್ಧಾ ತಾಸ ಐತ್ರಿ."

"ಉಪ್ಪಿನ ಡಬ್ಬಿ ತಾ."

ದೀಪಾಲಿ ನನ್ನನ್ನು ನೋಡಿದಳು. ನಾನು ಅವ್ವನ ಕೈ ಹಿಡಿದೆ. "ಅವ್ವಾ, ಸುಳ್ಳಿರೂ ಪುಸ್ತಕ ಲೆಕ್ಕಕ್ಕಿಲ್ಲ, ಖರೇ ಪುಸ್ತಕ ಇನ್ನೂ ಆಗಿಲ್ಲ. ಈಗ ತಿಂದ್ರ ನೇಮ ಮುರದಂಗ." ಎರಡು ವರ್ಷ ಯಾವ ನೇಮ ಬಿಡು ಎಂದು ಬೇಡಿಕೊಂಡೆನೋ ಅದನ್ನೇ ಈಗ ಬಿಡಬೇಡ ಎನ್ನುತ್ತಿದ್ದೆ.

"ಮುರೀಲಿ. ಈ ನೇಮ ಇರೂತನಕ ನಿನಗ ಅವಸರ. ಪಾಪ ಬಂದ್ರ ನನಗ ಬರ್ಲಿ. ನೀ ಸಾವಕಾಶ ಖರೇ ಬರಿ. ನಾ ಇರಲಿ, ಇರದಿರಲಿ."

ಅಂಗೈಗೆ ಹಾಕಿಸಿಕೊಂಡಳು. ಒಂದು ಚಿಟಿಕೆ. ಎರಡು ವರ್ಷ ಉಪ್ಪು ಮುಟ್ಟದ ನಾಲಿಗೆ. ಮುಖ ಹಿಂಡಿಕೊಂಡು ನುಂಗಿದಳು. ಎಂಬತ್ತು ವರ್ಷದಲ್ಲಿ ಅವಳು ಒಂದು ನೇಮವನ್ನೂ ಮುರಿದವಳಲ್ಲ. ಆಮೇಲೆ ಬಸದಿಯ ದಿಕ್ಕಿಗೆ ತಿರುಗಿ, ನೆಲಕ್ಕೆ ಹಣೆಹಚ್ಚಿ, ಅಲ್ಲೇ ಉಳಿದಳು. ನಾವಿಬ್ಬರೂ ಎಬ್ಬಿಸಲು ಹೋಗಲಿಲ್ಲ.

೭ ಅಕ್ಟೋಬರ್, ಮಂಗಳವಾರ. ಬೆಳಗ್ಗೆ ೬

ಕಾಲೇಜಿಗೆ ರಜೆ ಹಾಕಿದ್ದೇನೆ. ಮಾಮಾ ಎಂಟಕ್ಕೆ ಬಸದಿಗೆ ಹೋಗುತ್ತಾರೆ, ಅದಕ್ಕೆ ಮುಂಚೆ ಮನೆಯಲ್ಲೇ ಹಿಡಿಯಬೇಕು. ಎದುರಿಗೆ ನಿಂತರೆ ನನ್ನ ಬಾಯಿ ಕಟ್ಟುತ್ತದೆ, ಗೊತ್ತು. ಅದಕ್ಕೇ ಹೇಳಬೇಕಾದ್ದನ್ನು ಇಲ್ಲಿ ಬರೆದುಕೊಂಡು ಹೋಗುತ್ತೇನೆ.

ಮಾಮಾ, ಭಾನುವಾರ ಪುಸ್ತಕ ಹಂಚಬೇಡಿ. ಹನ್ನೆರಡನೇ ಅಧ್ಯಾಯವನ್ನು ನಾನು ನಂಬದೆ ಬರೆದೆ. ನಿಮ್ಮ ಮೇಲೆ ತಪ್ಪು ಹಾಕುತ್ತಿಲ್ಲ, ನೀವು ನಂಬಿ ಕೇಳಿದಿರಿ. ಅದು ಸಾಬೀತಾಗಿಲ್ಲ ಎಂದು ನನಗೆ ಬರೆಯುವಾಗಲೇ ಗೊತ್ತಿತ್ತು. ಅವ್ವನ ಜೀವಕ್ಕಾಗಿ ಬರೆದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ನಿನ್ನೆ ಹೊತ್ತು ಮುಳುಗುವ ಮುಂಚೆ ಅವ್ವ ಉಪ್ಪು ತಿಂದಳು ಮಾಮಾ. ಇನ್ನು ನನಗೆ ಹೇಳಿಕೊಳ್ಳಲು ಯಾವ ನೆಪವೂ ಇಲ್ಲ.