ಹುಳುವಿನ ಮದ್ದಿಗೆ ಬಿಳುಪಿನ ಚೀಟಿ

ನಮ್ಮ ನಾನ್ ಪ್ರಾಂತ್ಯದ ಗ್ರಾಮೋತ್ಪನ್ನಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ಮೊಮ್ಮಗಳು ಫಾಂಗ್, ಹದಿನಾರರ ಹುಡುಗಿ, ಒಂಬತ್ತು ದಿನದಿಂದ ಕೋಣೆಯ ಬಾಗಿಲು ಹಾಕಿಕೊಂಡಿದ್ದಾಳೆ. ಅವಳ ಮುಖ, ಕತ್ತು, ತೋಳುಗಳಲ್ಲೆಲ್ಲ ಕಪ್ಪು ಕಲೆಗಳು. ಇದಕ್ಕೆ ತಾವು ಉತ್ತರ ಕೊಡಬೇಕು. ನಾನೂ ಕೊಡಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

ಹಲಸಿನ ಜಾತಿಯ ಹಾದ್ ಮರದ ತಿರುಳನ್ನು ಕುದಿಸಿ, ಮೇಲೆದ್ದ ನೊರೆಯನ್ನು ತೆಗೆದು ಒಣಗಿಸಿದರೆ ಹಳದಿ ಪುಡಿಯಾಗುತ್ತದೆ. ಹಸಿ ಮಾಂಸ ಕೊಚ್ಚಿ ಮಾಡಿದ ಲಾಬ್ ತಿಂದು ಹೊಟ್ಟೆಯಲ್ಲಿ ಹುಳು ಮಾಡಿಕೊಂಡವರಿಗೆ ನಮ್ಮಲ್ಲಿ ಇದೇ ಮದ್ದು. ಬರಿಹೊಟ್ಟೆಯಲ್ಲಿ ನಿಂಬೆನೀರಿನೊಡನೆ ಒಂದೇ ಸಲ, ಹಿಂದೆಯೇ ಭೇದಿಯಾಗಲು ಔಷಧಿ. ಪುಡಿ ಒಳಗೇ ಉಳಿದರೆ ಮೈಯೆಲ್ಲ ತುರಿಕೆ. ಇದರ ಸತ್ವ ಚರ್ಮ ಕಪ್ಪಾಗುವುದನ್ನೂ ತಡೆಯುತ್ತದೆಂದು ಪ್ರಯೋಗಾಲಯದವರು ಕಂಡುಕೊಂಡರು, ತಾವು ನಮ್ಮ ಮಹಿಳಾ ಸಂಘದಿಂದ ಸೋಪು ಮಾಡಿಸಿದಿರಿ. ವಿಜ್ಞಾನದೊಂದಿಗೆ ನನಗೆ ಜಗಳವಿಲ್ಲ. ಆದರೆ ನಮ್ಮ ಊರಿಗೆ ಕಪ್ಪು ಒಂದು ರೋಗವೆಂದು ಹೇಳಿದವರು ಯಾರು?

ಬರುವ ಮೇಳದಲ್ಲಿ ಸೋಪಿನ ಮಳಿಗೆಯಲ್ಲಿ ನಿಲ್ಲಲು ಹುಡುಗಿಯರನ್ನು ಆರಿಸಲು ತಾವೇ ದಯಮಾಡಿಸಿದ್ದಿರಿ. ಸೋಪಿನ ವಿವರವನ್ನೆಲ್ಲ ಫಾಂಗ್ ಬಾಯಿಪಾಠ ಮಾಡಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ತಮ್ಮ ಅಪ್ಪಣೆಯಾಯಿತು: "ನೀನು ಹಿಂದೆ ನಿಂತು ಡಬ್ಬ ಜೋಡ್ಸಮ್ಮ. ಮಾರೋಳ ಮುಖಾನೇ ಇಷ್ಟು ಕಪ್ಪಗಿದ್ರೆ ಸೋಪು ಯಾರು ತಗೋತಾರೆ?" ಎಲ್ಲರೂ ನಕ್ಕರು. ದೊಡ್ಡವರ ಮುಂದೆ ಮರ್ಯಾದೆಯೆಂದು ನಾನೂ ನಕ್ಕೆ. ಆ ನಗು ಈಗ ನನ್ನನ್ನು ಸುಡುತ್ತಿದೆ.

ಮರುದಿನ ಬೆಳಿಗ್ಗೆ ಅವಳು, "ಅಜ್ಜಿ, ಹೊಟ್ಟೇಲಿ ಹುಳ ಆಗಿರ್ಬೇಕು, ಪುಡಿ ಕೊಡು," ಎಂದಳು. ಕೊಟ್ಟೆ. ಆಮೇಲೆ ಹನ್ನೊಂದು ದಿನ ತಾನೇ ಡಬ್ಬಿಯಿಂದ ಕದ್ದು ನುಂಗಿದ್ದಾಳೆ, ಭೇದಿಯ ಔಷಧಿಯಿಲ್ಲದೆ. ಸೋಪು ಹೊರಗಿನಿಂದ ನಿಧಾನ, ಹೊಟ್ಟೆಗೆ ಹೋದರೆ ಬೇಗ ಎಂಬ ಲೆಕ್ಕಾಚಾರ. ತಲೆಮಾರುಗಳಿಂದ ನುಂಗಿಯೇ ಬಂದ ಮನೆಯಲ್ಲಿ ಹುಡುಗಿಗೆ ಬೇರೇನು ತೋಚೀತು? ತುರಿಕೆ ಎದ್ದಿತು, ಕೆರೆದಲ್ಲೆಲ್ಲ ಹುಣ್ಣಾಯಿತು, ಮಾಗಿದಲ್ಲೆಲ್ಲ ಕಪ್ಪಾಯಿತು. ಪಕ್ಕದ ಮನೆಯ ಬುವಾರೈ ಬಂದು ನೋಡಿ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಮುಖಕ್ಕೆ ಅಂತ ಹುಳದ ಮದ್ದು ನುಂಗಿದ್ಯಲ್ಲೇ ತಾಯಿ," ಎಂದು ಹೇಳಿ ಹೋದಳು.

ನಾನು ಬೈದೆ. "ಇದ್ರಿಂದ ಬೆಳ್ಳಗಾಗ್ತಾರೆ ಅಂತ ನಿಂಗ್ಯಾರೇ ಹೇಳಿದ್ರು?"

"ಸೋಪಿನ ಪೊಟ್ಟಣದ ಮೇಲೇ ಇದ್ಯಲ್ಲ. ನಮ್ಮೂರ ಹೆಂಗಸ್ರು ನೂರಾರು ವರ್ಷದಿಂದ ಇದ್ರಿಂದಾನೇ ಬೆಳ್ಳಗಾಗ್ತಿದ್ರು ಅಂತ. ಕೆಳಗೆ ನಿನ್ನ ಸಹಿ ಇದೆ, ಅಜ್ಜಿ."

ಹೌದು, ಇದೆ. ವಾಕ್ಯ ತಮ್ಮ ಕಚೇರಿಯದು, ಸಂಘದ ಹಿರಿಯಳೆಂದು ಹಾಕಿದ ಸಹಿ ನನ್ನದು. "ಪರಂಪರೆ ಅಂತ ಒಂದು ಮಾತಿಲ್ದಿದ್ರೆ ಸರಕು ಓಡಲ್ಲ ಅಜ್ಜಿ, ಹಾಕ್ಬಿಡಿ," ಎಂದಿರಿ. ಹಾಕಿದೆ. ನನ್ನ ಅಜ್ಜಿ ಬಾಣಲೆಯ ತಳದಷ್ಟು ಕಪ್ಪಗಿದ್ದಳು, ಹಾಗೆಯೇ ನಗುನಗುತ್ತಾ ಸತ್ತಳು. ಅವಳ ಹೆಸರಿನಲ್ಲಿ ನಾನು ಸುಳ್ಳು ಹೇಳಿದೆ.

ಶುಕ್ರವಾರದ ಮೇಳಕ್ಕೆ ಮೊದಲು ಆ ವಾಕ್ಯವನ್ನು ಪ್ರತಿಯೊಂದು ಪೊಟ್ಟಣದಿಂದಲೂ ತೆಗೆಸಬೇಕು. ಅಲ್ಲಿಯವರೆಗೆ ತಿರುಳು ಕುದಿಸುವ ನಮ್ಮ ಒಲೆ ಉರಿಯುವುದಿಲ್ಲ. ಜೊತೆಗೆ, ತಾವು ಖುದ್ದಾಗಿ ನಮ್ಮ ಮನೆಗೆ ಬಂದು, ಮುಚ್ಚಿದ ಬಾಗಿಲಿನ ಮುಂದೆ ನಿಂತು, ಅದು ಸುಳ್ಳೆಂದು ಅವಳಿಗೆ ಹೇಳಬೇಕು. ನಾನು ಹೇಳಿ ನೋಡಿದ್ದೇನೆ. "ಸಹಿ ಹಾಕಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?" ಎಂದು ಒಳಗಿನಿಂದಲೇ ಕೇಳಿದಳು.

ಇಂತಿ,
ಮೊಮ್ಮಗಳ ನಂಬಿಕೆ ಕಳೆದುಕೊಂಡ ಅಜ್ಜಿ,
ಖಮ್ನೋಯ್