ಮೇಲೆ ಉದುರಿಸುವ ಪುಡಿ

ಜೂನ್ ೪, ಬೆಳಿಗ್ಗೆ

ಅಕ್ಕನಿಗೆ ಸೂಪ್ ಕುಡಿಸಿಯಾಯಿತು. ಆಪರೇಷನ್ ಆದಾಗಿನಿಂದ ನಾಲಿಗೆ ಸತ್ತುಹೋಗಿದೆ ಅನ್ನುತ್ತಾಳೆ; ಮೇಲೆ ಮಸಾಲೆ ಪುಡಿ ಉದುರಿಸಿದರೆ ಮಾತ್ರ ಒಳಗಿಳಿಯುತ್ತದೆ. ಆಮೇಲೆ ಪೇಪರ್ ಬಿಡಿಸಿದೆ. ಒಳಪುಟದ ಮೂಲೆ. ಅದೇ ಪುಡಿ. ಭೇದಿ ಜ್ವರ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವ "ಸಾಧ್ಯತೆ". ಕೆಲವು ಬ್ಯಾಚ್ "ಸ್ವಯಂಪ್ರೇರಿತವಾಗಿ" ವಾಪಸ್ ಪಡೆಯುತ್ತಾರಂತೆ. ಹಾಲಿನ ಪುಡಿಯ ಗಲಾಟೆಯಲ್ಲೂ ಇವೇ ಪದಗಳು. ಅಡುಗೆ ಎಣ್ಣೆಯದರಲ್ಲೂ. ಆಗಲೂ ಮೂಲೆಯಲ್ಲೇ.

ಮಧ್ಯಾಹ್ನ

ಬ್ಯಾಚ್ ನಂಬರ್ ಪ್ಯಾಕೆಟ್ಟಿನ ಹಿಂದೆ ಇರುತ್ತದೆ. ಪ್ಯಾಕೆಟ್ ಎಲ್ಲಿ? ನಮ್ಮಲ್ಲಿ ಯಾವ ಪುಡಿ ಬಂದರೂ ಡಬ್ಬಿಗೆ, ಹಳೆಯದರ ಮೇಲೆ ಹೊಸದು. ಪ್ಯಾಕೆಟ್ ಕಸಕ್ಕೆ.

"ಅದಕ್ಕೆ ಫ್ರೇಮ್ ಹಾಕಿಸಿ ಇಡ್ಬೇಕಿತ್ತಾ?" ಅಂದಳು ಹೆಂಡತಿ.

ಕಂಪನಿಗೆ ಫೋನ್ ಮಾಡಿದೆ. ಒಬ್ಬ ಹುಡುಗಿ. "ನಂಬರ್ ಇಲ್ದೆ ದೂರು ತಗೊಳಕ್ಕಾಗಲ್ಲ ಸರ್. ಚೆನ್ನಾಗಿ ಬೇಯಿಸಿದ್ರೆ ಏನೂ ಆಗಲ್ಲ."

"ಬೇಯಿಸೋದು ಬೇಡ, ಮೇಲೆ ಉದುರಿಸಿ ಅಂತ ಜಾಹೀರಾತು ಕೊಡೋರೂ ನೀವೇ ಅಲ್ವೇನಮ್ಮಾ?"

ಲೈನ್ ಕಟ್.

ಡಬ್ಬಿ ಖಾಲಿ ಮಾಡಿಸಿ ಕುದಿನೀರಲ್ಲಿ ತೊಳೆಸಿದೆ. ಪಕ್ಕದಲ್ಲೇ ನಿಂತು.

ಜೂನ್ ೬

ಅಕ್ಕನಿಗೆ ಜ್ವರ, ಭೇದಿ. ಬಚ್ಚಲಿಗೆ ಎತ್ತಿಕೊಂಡೇ ಹೋಗಬೇಕು. "ಚಿಕ್ಕೋನಿದ್ದಾಗ ನಿನ್ನ ಹೊತ್ತಿದ್ದಕ್ಕೆ ಬಡ್ಡಿ ತೀರಿಸ್ತಿದೀಯ ಬಿಡು" ಅಂದಳು. ನಗಲು ಹೋಗಿ ಸುಸ್ತಾದಳು.

ಜೂನ್ ೧೩

ಆಸ್ಪತ್ರೆಯಿಂದ ನಿನ್ನೆ ಬಂದೆವು. ಅದೇ ಸಾಲ್ಮೊನೆಲ್ಲಾ. "ಪುಡಿ ಸ್ವಲ್ಪ ಉಳಿದಿದ್ರೆ ಲ್ಯಾಬಿಗೆ ಕಳಿಸಬಹುದಿತ್ತು" ಅಂದರು ಡಾಕ್ಟರು. ಎಲ್ಲಿಂದ ತರಲಿ... ಸಾಕ್ಷಿಯನ್ನು ನಾನೇ ಕುದಿನೀರಲ್ಲಿ ತೊಳೆಸಿದ್ದೇನೆ. ಇಷ್ಟು ಓದಿ ಏನು ಬಂತು.

ಜ್ವರ ಇಳಿದಿದೆ. ಮೈಯಲ್ಲಿ ಏನೂ ಉಳಿದಿಲ್ಲ. ಇನ್ನು ತಿಂದರಷ್ಟೇ ಉಳಿಯುತ್ತಾಳಂತೆ.

ಜೂನ್ ೧೫

ಸಪ್ಪೆ ಸೂಪಿಗೆ ಹಲ್ಲು ಕಚ್ಚಿ ಮಲಗಿದ್ದಾಳೆ. ಉಪ್ಪು, ನಿಂಬೆ, ಮೆಣಸು — ಯಾವುದಕ್ಕೂ ಬಾಯಿ ಬಿಡಲಿಲ್ಲ.

"ಆ ಪುಡಿ ಹಾಕು."

"ಅಕ್ಕಾ, ಅದರಿಂದಲೇ ನಿನಗೆ —"

"ಹಸಿದು ಸಾಯೋದಕ್ಕಿಂತ ವಾಸಿ ಕಣೋ."

ಜೂನ್ ೧೬, ಸಂಜೆ

ಅಂಗಡಿಗೆ ಹೋದೆ. ಅದೇ ಪುಡಿ, ಹೊಸ ಕವರ್, ಮೇಲೆ ದಪ್ಪಕ್ಷರದಲ್ಲಿ "ಈಗ ಇನ್ನಷ್ಟು ಸುರಕ್ಷಿತ". ಹಾಗಾದರೆ ಮೊದಲು? ಅಂಗಡಿಯವನೊಂದಿಗೆ ಜಗಳವಾಡುವ ಶಕ್ತಿಯೂ ಇರಲಿಲ್ಲ. ಕೊಂಡೆ. ನಂಬರ್ ನೋಡಿದೆ, ಪೇಪರಿನಲ್ಲಿ ಬಂದದ್ದಲ್ಲ. ಅಷ್ಟೇ ಭರವಸೆ.

ಸೂಪಿನಲ್ಲೇ ಕುದಿಸಿ ಕೊಟ್ಟೆ. ಒಂದು ಚಮಚಕ್ಕೇ ಮುಖ ತಿರುಗಿಸಿದಳು. "ಕುದಿಸಿದ್ರೆ ಘಮ ಹೋಗತ್ತೆ. ಮೇಲೆ ಉದುರಿಸೋ, ಪುಕ್ಕಲ."

ಉದುರಿಸಿದೆ. ಬಟ್ಟಲು ಖಾಲಿ ಮಾಡಿದಳು.

ಜೂನ್ ೧೭, ಬೆಳಿಗ್ಗೆ

ಇನ್ನೂ ಎದ್ದಿಲ್ಲ. ಹಣೆ ಮುಟ್ಟಿ ಬಂದೆ. ಬಿಸಿಯಿದೆಯೋ, ನನ್ನ ಕೈಯೇ ತಣ್ಣಗಿದೆಯೋ... ಇನ್ನೊಮ್ಮೆ ನೋಡಿ —