ಅಜ್ಜನ ಹತ್ತಿರ ಕೇಳಿಕೊಂಡದ್ದು

ಲೀ ಸೋನ್ ದ್ವೀಪ
ಆಗಸ್ಟ್ ೪, ಶುಕ್ರವಾರ

ನಮ್ಮ ಮಗಳು ಸೆನ್‌ಳ ಅಪ್ಪನಿಗೆ, ಲುವಾ ಮಾಡುವ ನಮಸ್ಕಾರ.

ಹೇಗಿದ್ದೀರಿ? ಬಲಗಡೆ ಮಂಡಿ ಹೇಗಿದೆ? ನೀರಲ್ಲಿ ಜಾಸ್ತಿ ಹೊತ್ತು ನಿಂತರೆ ಊದಿಕೊಳ್ಳುತ್ತಿತ್ತಲ್ಲ, ಅದಕ್ಕೇ ಕೇಳಿದೆ. ಹೊಟ್ಟೆಗೆ ಸರಿಯಾಗಿ ತಿನ್ನುತ್ತೀರೋ ಇಲ್ಲವೋ? ಈ ಕಾಗದ ಯಾವ ವಿಳಾಸಕ್ಕೆ ಹಾಕಬೇಕೋ ನನಗೂ ಗೊತ್ತಿಲ್ಲ, ಅಂಚೆಯವನಿಗೂ ಗೊತ್ತಿಲ್ಲ. ನಿಮ್ಮ ದೋಣಿ ಹೋಗಿ ಎರಡು ವರ್ಷವಾಯಿತು. ಬಿರುಗಾಳಿಯ ಸುದ್ದಿ ಬಂತು, ನೀವು ಬರಲಿಲ್ಲ. ಹೆಣ ಸಿಕ್ಕಿಲ್ಲ, ಒಂದು ಹಲಗೆ ಚೂರೂ ಸಿಕ್ಕಿಲ್ಲ. ಅಂದಮೇಲೆ ಹೇಗಿದ್ದೀರಿ ಅಂತ ಕೇಳೋದಕ್ಕೆ ನನಗೆ ಯಾರಪ್ಪಣೆಯೂ ಬೇಡ.

ಇಲ್ಲಿ ನಾವೆಲ್ಲ ಕ್ಷೇಮ. ಸೆನ್‌ಗೆ ಮುಂದಿನ ಹಲ್ಲು ಬಿದ್ದಿದೆ, ನಕ್ಕರೆ ಥೇಟ್ ನಿಮ್ಮಪ್ಪ. ನಮ್ಮ ಹೊಲದ ಬೆಳ್ಳುಳ್ಳಿ ಈ ಸಲ ಸಣ್ಣದು, ಆದರೆ ಘಾಟು ಜೋರು. ನಿಮ್ಮಮ್ಮನಿಗೂ ನನಗೂ ಮಾತ್ರ ಎಣ್ಣೆ ಸೀಗೆಕಾಯಿ. ಕಾರಣ ಒಂದೇ, ನಿಮ್ಮ ಗೋರಿ. ನಿಮ್ಮ ಜೊತೆ ಹೋದವರಿಗೆಲ್ಲ ಅವರವರ ಮನೆಯವರು ಹೆಣವಿಲ್ಲದಿದ್ದರೂ ಗಾಳಿಗೋರಿ ಮಾಡಿಸಿಬಿಟ್ಟರು. ಬೆಟ್ಟದ ಜೇಡಿಮಣ್ಣು ಕಲಸಿ, ಹಿಪ್ಪುನೇರಳೆ ಕಡ್ಡಿಯನ್ನೇ ಎಲುಬು ಮಾಡಿ, ಆಳೆತ್ತರದ ಗೊಂಬೆ ಮಲಗಿಸಿ ಹೂತರು. ನನ್ನ ಮಗ ನೆಲೆಯಿಲ್ಲದೆ ತಣ್ಣೀರಲ್ಲಿ ಅಲೀತಿದ್ದಾನೆ, ಅವನಿಗೂ ಒಂದು ಹಿಡಿ ಮಣ್ಣು ಕೊಡು ಅಂತ ಅತ್ತೆ ದಿನಾ ಗೋಗರೆಯುತ್ತಿದ್ದರು. ನಾನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಗೋರಿ ಎದ್ದ ದಿನ ನಾನು ವಿಧವೆ. ಅಲ್ಲಿಯವರೆಗೆ ನೀವು ತಡವಾಗಿ ಬರೋ ಗಂಡ, ಅಷ್ಟೆ. ನೀವು ಯಾವತ್ತು ಹೊತ್ತಿಗೆ ಸರಿಯಾಗಿ ಮನೆಗೆ ಬಂದಿದ್ದೀರಿ, ಹೇಳಿ? ಒಂದು ದಿನ ಸಿಟ್ಟಲ್ಲಿ, ಹೆತ್ತವರಿಗೇ ಮಗ ಬೇಡವಾದರೆ ನಾನೇನು ಮಾಡಲಿ ಅಂದುಬಿಟ್ಟೆ. ಅವತ್ತಿಂದ ಅತ್ತೆ ನನ್ನ ಕೈಯಡಿಗೆ ಮುಟ್ಟಲಿಲ್ಲ, ಬೇರೆ ಒಲೆ ಹಚ್ಚಿಕೊಂಡರು.

ಇದು ಹೇಗೋ ನಿಮ್ಮ ಗೆಳೆಯ ಬಾವೊ ಕಿವಿಗೆ ಬಿತ್ತು. ಅವನೀಗ ಆಚೆ ದಡದ ದೆ ಜಿ ಊರಲ್ಲಿ ಬಲೆ ಎತ್ತಿಟ್ಟು, ತಿಮಿಂಗಿಲ ನೋಡೋಕೆ ಬರುವವರನ್ನು ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾನೆ. ಅತ್ತೆ ಸೊಸೆ ಕಚ್ಚಾಡಿದ್ದು ಸಾಕು, ಮಗೂನ ಕರೆದುಕೊಂಡು ಬನ್ನಿ ಅಂತ ಫೋನ್ ಮಾಡಿದ. ಹೋದೆವು. ಮೊದಲ ದಿನವೆಲ್ಲ ಕಡಲ ದಂಡೆಯಲ್ಲೇ. ಬಾವೊ ಹೆಂಡತಿ ದಿಯೆಪ್ ಬೊಂಡಾಸ್ ಮೀನು ಕೆಂಡದ ಮೇಲೆ ಸುಟ್ಟಳು, ನಿಮಗೆ ಇಷ್ಟ ಅಲ್ಲವಾ, ಅರ್ಧ ಕಪ್ಪಾಗಿ. ಸೆನ್ ಅಜ್ಜಿಯ ಕಾಲನ್ನು ಮರಳಲ್ಲಿ ಹೂತು, ಇನ್ನು ನೀನು ಎಲ್ಲೂ ಹೋಗೋ ಹಾಗಿಲ್ಲ ಅಂತ ಕೈ ತಟ್ಟಿದಳು. ನಾನು ನಕ್ಕೆ ರೀ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನೀವಿಲ್ಲದೆ ಅಷ್ಟು ನಕ್ಕೆನಲ್ಲ ಅಂತ ನನ್ನ ಮೇಲೇ ಸಿಟ್ಟು ಬಂದು, ಎದ್ದು ಹೋಗಿ ಪಾತ್ರೆ ತೊಳೆದೆ.

ಮರುದಿನ ಬೆಳಿಗ್ಗೆ ದೋಣಿ ಹತ್ತಿದೆವು. ದಿಯೆಪ್ ಸೈಗಾನ್ ಪಟ್ಟಣದ ಹುಡುಗಿ, ಅವಳಿಗೇನು ಗೊತ್ತು ಪಾಪ, ತಿಮಿಂಗಿಲದ ಬೆನ್ನು ಕಂಡದ್ದೇ ಅಲ್ನೋಡಿ ದೊಡ್ಡ ಮೀನು ಅಂತ ಬೆರಳು ಚಾಚಿದಳು. ಅತ್ತೆ ಆ ಕೈಗೆ ಪಟ್ಟಂತ ಒಂದು ಕೊಟ್ಟರು. "ಮೀನಲ್ಲ ಕಣೇ, ಅಜ್ಜ ಅನ್ನು. ಹಿರಿಯರಿಗೆ ಯಾರಾದ್ರೂ ಬೆರಳು ತೋರಿಸ್ತಾರಾ?" ಬಾವೊ ಇಂಜಿನ್ ಆರಿಸಿ ಟೋಪಿ ತೆಗೆದ. ಕ್ರಮ ನಿಮಗೆ ಗೊತ್ತೇ ಇದೆ. ಅಜ್ಜ ಮೇಲೆ ಬಂದಾಗ ಕಡಲಲ್ಲಿರುವವರ ಹೆಸರು ಹೇಳಿ, ಬಾಯಿಬಿಟ್ಟು, ಒಂದೇ ಒಂದು ಕೇಳಿಕೊಳ್ಳಬೇಕು. ಏನು ಕೇಳಬೇಕು ಅಂತ ದ್ವೀಪ ಬಿಡುವಾಗಲೇ ಗಟ್ಟಿ ಮಾಡಿಕೊಂಡಿದ್ದೆ: ನನ್ನ ಗಂಡನನ್ನು ಕರೆದುಕೊಂಡು ಬಾ. ನೀರು ಕುದಿಯುವ ಹಾಗೆ ಸಣ್ಣ ಮೀನು ಎದ್ದವು, ಹಕ್ಕಿಗಳು ಮುಗಿಬಿದ್ದವು, ಅಜ್ಜ ಬಾಯಿ ತೆರೆದುಕೊಂಡು ಮೇಲೆ ಬಂದ. ಪಕ್ಕದಲ್ಲಿ ಮರಿಯೂ ಇತ್ತು. ಅವನ ಉಸಿರಿನ ನೀರು ನಮ್ಮ ಮುಖದ ಮೇಲೆ ಬಿತ್ತು.

ಅತ್ತೆಯೂ ನಾನೂ ಒಟ್ಟಿಗೇ ಬಾಯಿ ತೆರೆದೆವು.

"ನನ್ನ ಗಂಡ ತೋವಾನ್‌ಗೆ ಚಳಿ ಆಗದ ಹಾಗೆ ನೋಡ್ಕೋ ಅಜ್ಜ" ಅಂದೆ. ನಾನೇ ರೀ, ನನ್ನ ಬಾಯಿಂದಲೇ ಬಂತು. ಗೋರಿ ಬೇಡ ಅಂತ ಎರಡು ವರ್ಷ ಜಗಳವಾಡಿದ ಇದೇ ಬಾಯಿ.

"ನನ್ನ ಮಗನ್ನ ಬೆನ್ನ ಮೇಲೆ ಕೂರಿಸ್ಕೊಂಡು ಮನೆಗೆ ತಂದುಬಿಡು ಅಜ್ಜ, ಸುಸ್ತಾಗಿರ್ತಾನೆ" ಅಂದರು ಅತ್ತೆ.

ಇಬ್ಬರಿಗೂ ಇಬ್ಬರ ಮಾತೂ ಕೇಳಿಸಿತು. ಮುಖ ಮುಖ ನೋಡಿಕೊಂಡೆವು. ದಡ ಮುಟ್ಟುವವರೆಗೂ ಅವರು ನನ್ನ ಕೈ ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ. ಮನೆಗೆ ಬಂದಮೇಲೆ ನಾನು ಬಡಿಸಿದ್ದನ್ನು ಉಂಡರು. ಗೋರಿಯ ಸುದ್ದಿ ಇನ್ನು ಎತ್ತಲ್ಲ ಕಣಮ್ಮಾ ಅಂದರು. ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದೆ. ನಿಮ್ಮ ನೆನಪು ಬಹಳ ಆಗುತ್ತದೆ ರೀ. ಇದನ್ನು ಇಷ್ಟು ಬಿಟ್ಟು ಬೇರೆ ಹೇಗೆ ಬರೆಯೋದೋ ನನಗೆ ತಿಳಿಯದು.

ಸೆನ್ ನಿಮಗೆ ಎರಡು ಕೆನ್ನೆಗೂ ಮುತ್ತು ಕೊಟ್ಟಿದ್ದಾಳೆ. ಬಾವೊ, ದಿಯೆಪ್ ಕೇಳಿದೆವು ಅಂತ ಹೇಳು ಅಂದರು. ಅಮ್ಮನ ಆಶೀರ್ವಾದ ಎಲ್ಲಿದ್ದರೂ ನಿಮ್ಮ ಮೇಲಿದೆ.

ನಿಮ್ಮ
ಲುವಾ

ಮರೆತೇಬಿಟ್ಟಿದ್ದೆ: ದೆ ಜಿಯಿಂದ ಬಂದಮೇಲೆ ಗೋರಿ ಮಾಡುವ ಮುದುಕನಿಗೆ ನಾನೇ ಹೇಳಿ ಕಳಿಸಿದ್ದೆ. ಅತ್ತೆಗೆ ಇನ್ನೂ ಹೇಳಿಲ್ಲ, ಅವರೀಗ ನಿಮ್ಮ ದಾರಿ ನೋಡುತ್ತಾ ಬಾಗಿಲಲ್ಲೇ ಕೂರುತ್ತಾರೆ. ಇವತ್ತು ಅವನು ಹೊಲಕ್ಕೇ ಬಂದಿದ್ದ. ಗಂಡ ಎಷ್ಟು ಎತ್ತರ ಅಂತ ಕೇಳಿದ. ಎದ್ದು ನಿಂತು, ನನ್ನ ನೆತ್ತಿಯಿಂದ ಮೇಲೆ ಕೈ ಎತ್ತಿ, ಇಷ್ಟು ಅಂತ ತೋರಿಸಿದೆ. ಮಣ್ಣು ಜಾಸ್ತಿ ಬೇಕಾಗುತ್ತೆ ಅಂದ, ಆಗಲಿ ಅಂದೆ. ಹುಣ್ಣಿಮೆ ಕಳೆದ ಮೇಲೆ ಕೆಲಸ ಶುರು. ಅದಕ್ಕೆ ಮುಂಚೆ ಬಂದರೆ ಎಲ್ಲಿದ್ದಿರಿ ಅಂತ ಕೇಳುವುದಿಲ್ಲ, ಬೈಯುವುದೂ ಇಲ್ಲ. ಬನ್ನಿ.